ಬೆಕ್ಕಿಗೂ ಸೂಜಿ ಹಾಕ್ಸೋರುಂಟಾ?

ಮೊನ್ನೆ ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ನಿಂತಿದ್ದಾಗ ನಡೆದ ಮಾತು. ಹಿಂದಿನ ದಿನ ನಾನೂ ನಮ್ಮ ಮನೆಯವಳೂ ಬುಟ್ಟಿಯಲ್ಲಿ ಬೆಕ್ಕಿನ ಮರಿ ಇಟ್ಕೊಂಡು ಬಸ್ಸು ಹತ್ತಿದ್ದನ್ನ ಊರೆಲ್ಲ ನೋಡಿತ್ತು. "ಏನಣ್ಣ, ಬೆಕ್ಕನ್ನ ಎಲ್ಲಿಗೆ ಬಿಟ್ಟು ಬರೋಕೆ ಹೋಗಿದ್ರಿ?" ಅಂದ ಒಬ್ಬ. ಬಿಡೋಕಲ್ಲಪ್ಪ, ಸೂಜಿ ಹಾಕ್ಸೋಕೆ ಅಂದೆ. ಕ್ಯಾನು ಹಿಡ್ಕೊಂಡು ನಿಂತಿದ್ದವರೆಲ್ಲ ನಕ್ಕರು. ಫ್ಯಾಟ್ ನೋಡ್ತಿದ್ದ ಹುಡುಗನೂ ನಕ್ಕ. "ಕೊಬ್ಬರಿ ದುಡ್ಡು ಜಾಸ್ತಿ ಆಗಿದೆ ಕಣಣ್ಣ ನಿಂಗೆ. ಹಸುಗೆ ಹಾಕಿಸ್ತಾರೆ, ಕುರಿಗೆ ಹಾಕಿಸ್ತಾರೆ. ಬೆಕ್ಕಿಗೂ ಸೂಜಿ ಹಾಕ್ಸೋರುಂಟಾ?"

ಹಿಂದೆ ಸಾಲು ಇತ್ತು, ಹಾಲು ಅಳೆಸಿ ಸುಮ್ಮನೆ ಬಂದೆ. ಆದ್ರೆ ಆ ನಗು ಎರಡು ದಿನದಿಂದ ತಲೇಲಿ ಕೂತಿದೆ. ಉತ್ತರ ಇಲ್ಲಿ ಕೊಡ್ತೀನಿ. ಉದ್ದ ಆಗುತ್ತೆ, ಪುರಸೊತ್ತು ಮಾಡ್ಕೊಂಡು ಓದಿ.

ನಕ್ಕವರು ಯಾರು ಅಂತ ನೋಡಿ ಮೊದಲು. ಕಾಲುಬಾಯಿ ಜ್ವರದ ಲಸಿಕೆ ಅಂತ ಆರು ತಿಂಗಳಿಗೊಂದು ಸಲ ಡಂಗುರ ಆದ್ರೆ ಬೆಳಿಗ್ಗೆ ಏಳಕ್ಕೇ ಹಸು ಹಿಡ್ಕೊಂಡು ನಿಲ್ಲೋರು ಇವರೇ. ಒಂದೊಂದು ಹಸುವಿನ ಕಿವೀಲೂ ಹನ್ನೆರಡು ಅಂಕಿಯ ಹಳದಿ ಓಲೆ ಇದೆ. ಕುರಿಗೆ ಪಿಪಿಆರ್, ಕರುಳುಬೇನೆ ಅಂತ ಹಾಕಿಸ್ತಾರೆ. ಕೋಳಿಗೆ ಕೊಕ್ಕರೆ ರೋಗ ಬರದಂಗೆ ಕಣ್ಣಿಗೆ ಹನಿ ಬಿಡಿಸ್ತಾರೆ. 2022ರಲ್ಲಿ ಚರ್ಮಗಂಟು ರೋಗ ಬಂದು ದನಗಳ ಮೈಯೆಲ್ಲ ಗಂಟು ಎದ್ದಾಗ, ಮೇಕೆ ಸಿಡುಬಿನ ಲಸಿಕೆ ದನಕ್ಕೆ ಹಾಕ್ತಾರಂತೆ ಅಂದ್ರೂ ಯಾರೂ ಯಾಕೆ ಏನು ಕೇಳ್ಲಿಲ್ಲ, ಓಡಿ ಹೋಗಿ ಹಾಕಿಸಿದ್ರು. ಅಂದ್ರೆ ಸೂಜಿ ಮೇಲೆ ಇವರಿಗೆ ಅಪನಂಬಿಕೆ ಏನೂ ಇಲ್ಲ. ಲಸಿಕೆ ಅಂದ್ರೇನು, ಯಾಕೆ ಹಾಕಿಸ್ಬೇಕು, ಹಾಕಿಸ್ದೆ ಇದ್ರೆ ಏನಾಗುತ್ತೆ, ಎಲ್ಲ ಗೊತ್ತು. ಬೆಕ್ಕಿನ ವಿಷಯಕ್ಕೆ ಬಂದಾಗ ಮಾತ್ರ ಆ ತಿಳುವಳಿಕೆ ಗೂಟಕ್ಕೆ ಕಟ್ಟಿ ಬರ್ತಾರೆ.

ಕಾರಣ ಒಂದೇ. ಬೆಕ್ಕು ಬಿಟ್ಟಿ ಸಿಗುತ್ತೆ. ಹಸು ಸತ್ರೆ ಅರವತ್ತು ಎಂಬತ್ತು ಸಾವಿರ ಹೋಯ್ತು ಅಂತ ಲೆಕ್ಕ ಇದೆ. ಬೆಕ್ಕು ಸತ್ರೆ? ಪಕ್ಕದ ಮನೇಲಿ ನಾಲ್ಕು ಮರಿ ಹಾಕಿದೆ, ಒಂದು ತಂದ್ರಾಯ್ತು.

ಬಿಟ್ಟಿ ಸಿಕ್ಕಿದ್ದು ಏನು ಕೆಲಸ ಮಾಡುತ್ತೆ ಅಂತ ಯಾರಾದ್ರೂ ಲೆಕ್ಕ ಹಾಕಿದೀರಾ? ನಾನು ಹಾಕಿದೀನಿ. ನಮ್ಮದು ತಿಪಟೂರು ಸೀಮೆ. ಇಲ್ಲಿ ಮನೆ ಅಂದ್ರೆ ಕೆಳಗೆ ಜನ, ಮೇಲೆ ಅಟ್ಟದಲ್ಲಿ ಕಾಯಿ. ಉಂಡೆ ಕೊಬ್ಬರಿ ಆಗಬೇಕಾದ್ರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಗುಡುಗುಡು ಅನ್ನೋ ತನಕ ಕೈ ಹಾಕೋ ಹಂಗಿಲ್ಲ. ಬೇರೆ ಊರೋರಿಗೆ ಹೇಳ್ತೀನಿ, ಇದು ಬ್ಯಾಂಕಿನಲ್ಲಿ ಇಟ್ಟ ದುಡ್ಡಿನಂಗೆ. ಈ ಬ್ಯಾಂಕಿಗೆ ಕನ್ನ ಹಾಕೋದು ಇಲಿ. ಒಂದು ತೂತು ಸಾಕು, ಒಳಗೆ ಗಾಳಿ ಹೋಗಿ ಕೊಬ್ಬರಿ ಕೆಡುತ್ತೆ, ಮಂಡಿಯಲ್ಲಿ ಅದನ್ನ ಪಕ್ಕಕ್ಕೆ ಎಸೀತಾರೆ. ಹೋದ ಸಲ ನಮ್ಮನೇಲಿ ಎಂಟು ತಿಂಗಳು ಬೆಕ್ಕಿರಲಿಲ್ಲ. ಅಟ್ಟ ಇಳಿಸಿದಾಗ ತೂತು ಬಿದ್ದ ಕಾಯಿ ಎಣಿಸಿದೆ, 340 ಇದ್ದವು. ರಾಗಿ ಚೀಲ ಕಚ್ಚಿ ಸುರಿಸಿದ್ದು, ಮೋಟರಿನ ವೈರು ಕಡಿದಿದ್ದು, ಡ್ರಿಪ್ ಪೈಪು ತಿಂದಿದ್ದು ಬೇರೆ. ಇಲಿ ಉಚ್ಚೆ ನೀರಿಗೆ ಸೇರಿ ಗದ್ದೆ ಕೆಲಸದೋರಿಗೆ ಇಲಿ ಜ್ವರ ಬರೋದು ಗೊತ್ತೇ ಇದೆ.

ಪಾಷಾಣ ಇಡಬಹುದಲ್ಲ ಅಂತೀರಿ. ಇಟ್ಟು ನೋಡಿದೀನಿ. ತಿಂದ ಇಲಿ ಅಲ್ಲೇ ಸಾಯಲ್ಲ, ಎಲ್ಲೋ ಕಾಯಿ ರಾಶಿ ಮಧ್ಯೆ ಹೋಗಿ ಸತ್ತು, ಹದಿನೈದು ದಿನ ಮನೇಲಿ ಉಸಿರಾಡೋಕಾಗಲ್ಲ. ಮನೇಲಿ ಮೊಮ್ಮಗಳಿದಾಳೆ, ಗುಲಾಬಿ ಬಣ್ಣದ ಬಿಲ್ಲೆ ಕಂಡ್ರೆ ಚಾಕಲೇಟು ಅಂದ್ಕೊಳ್ಳೋ ವಯಸ್ಸು. ವಿಷ ತಿಂದು ತೂರಾಡೋ ಇಲೀನ ನಾಯಿ ಬೆಕ್ಕು ಹಿಡಿದು ತಿಂದ್ರೆ ಅವೂ ಸಾಯ್ತವೆ. ಬೆಕ್ಕಿಗಿಂತ ಒಳ್ಳೆ ಔಷಧಿ ಇಲ್ಲ. ಸಂಬಳ ಕೇಳಲ್ಲ, ರಜಾ ಕೇಳಲ್ಲ. ಅದು ಕೇಳೋದು ಅರ್ಧ ಲೋಟ ಹಾಲು, ಒಂದು ಹಿಡಿ ಅನ್ನ. ಈಗ ನಾನು ಹೇಳ್ತಿರೋದು ಅದರ ಜೊತೆಗೆ ನಾಲ್ಕು ಸೂಜಿ.

ಇನ್ನು ನಮ್ಮನೆ ಕಥೆ. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ, ಯಾಕಂದ್ರೆ ಡೈರಿ ಸಾಲಿನಲ್ಲಿ ನಕ್ಕವರಲ್ಲಿ ನಾನೂ ಒಬ್ಬ ಆಗಿದ್ದೆ, ಮೊದಲು.

ಹೋದ ವರ್ಷ ಒಂದೂವರೆ ತಿಂಗಳ ಮರಿ ತಂದೆ. ಇಪ್ಪತ್ತು ದಿನ ಚೆನ್ನಾಗಿತ್ತು. ಒಂದು ದಿನ ಬೆಳಿಗ್ಗೆ ಹಾಲು ಮುಟ್ಟಲಿಲ್ಲ. ಮಧ್ಯಾಹ್ನ ಹಳದಿ ನೊರೆ ವಾಂತಿ. ಆಮೇಲೆ ನೀರಿನ ಬಟ್ಟಲ ಮೇಲೆ ಮುಖ ಇಟ್ಕೊಂಡು ಕೂತುಬಿಡ್ತು. ಕುಡಿಯೋದೂ ಇಲ್ಲ, ಏಳೋದೂ ಇಲ್ಲ. ಮೂರನೇ ದಿನಕ್ಕೆ ತಣ್ಣಗಾಯ್ತು. ನಾನು ಏನಂದೆ ಗೊತ್ತಾ? ಪಕ್ಕದ ಮನೆಯವನು ಇಲಿ ಪಾಷಾಣ ಇಟ್ಟಿದ್ದ, ಅದನ್ನ ತಿಂದ ಇಲೀನ ನಮ್ಮ ಮರಿ ತಿಂದಿದೆ ಅಂತ ತೀರ್ಮಾನ ಮಾಡ್ದೆ. ಬೇಲಿ ಹತ್ರ ನಿಂತು ಕೂಗಾಡ್ದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಅಣ್ಣಾ ಅನ್ನೋನು, ತಿರುಗಿ ಒಂದು ಮಾತೂ ಆಡ್ಲಿಲ್ಲ. ಎರಡು ತಿಂಗಳು ಎರಡೂ ಮನೆಗೆ ಮಾತಿಲ್ಲ, ಕೊಳವೆಬಾವಿ ನೀರಿನ ಪಾಳಿಯನ್ನೂ ಹೆಂಗಸರ ಕೈಲಿ ಹೇಳಿ ಕಳಿಸೋದು.

ತಿಂಗಳು ತುಂಬೋದರೊಳಗೆ ಇನ್ನೊಂದು ಮರಿ ತಂದೆ. ಅದೇ ಬುಟ್ಟಿ, ಅದೇ ಗೋಣಿತಾಟು, ಅದೇ ಬಟ್ಟಲು. ಹನ್ನೆರಡನೇ ದಿನಕ್ಕೆ ಇದೂ ಹಂಗೇ ಬಟ್ಟಲ ಮೇಲೆ ಮುಖ ಇಟ್ಕೊಂಡು ಕೂತಾಗ ಎದೆ ಧಸಕ್ ಅಂತು. ಈ ಸಲ ಪೇಟೆಗೆ ಎತ್ಕೊಂಡು ಹೋದೆ. ಅಲ್ಲಿದ್ದ ಡಾಕ್ಟ್ರು, ನಮ್ಮ ಮಗನ ವಯಸ್ಸಿನ ಹುಡುಗ, ನೋಡಿದ ಕೂಡ್ಲೇ ಕೇಳಿದ್ದು, "ಮನೇಲಿ ಇದಕ್ಕೆ ಮೊದಲು ಬೆಕ್ಕು ಸತ್ತಿತ್ತಾ?" ಸತ್ತಿತ್ತು ಅಂದೆ. "ಯಾವಾಗ?" ತಿಂಗಳಾಯ್ತು ಅಂದೆ. ಅವರು ತಲೆ ಅಲ್ಲಾಡಿಸಿದ್ರು. ಗ್ಲೂಕೋಸು ಹಾಕಿದ್ರು, ಉಳೀಲಿಲ್ಲ.

ಅದು ವಿಷ ಅಲ್ಲ, ರೋಗ. ಪ್ಯಾನ್‌ಲ್ಯುಕೋಪೀನಿಯಾ ಅಂತಾರಂತೆ, ಬಾಯಿಗೆ ಬರೋಕೆ ನನಗೆ ಒಂದು ವಾರ ಹಿಡೀತು. ನಾಯಿಮರಿಗೆ ಬರೋ ಪಾರ್ವೋ ಇದೆಯಲ್ಲ, ಅದರ ದಾಯಾದಿ ವೈರಸ್. ಕರುಳು ಕೊಳೆಸುತ್ತೆ, ಮೂಳೆ ಒಳಗಿನ ಮಜ್ಜೆಗೆ ಹೊಕ್ಕು ರಕ್ತದ ಬಿಳಿ ಕಣ ಮುಗಿಸುತ್ತೆ. ರೋಗದ ಜೊತೆ ಹೊಡೆದಾಡೋ ಸೈನ್ಯಾನೇ ಇಲ್ಲ ಅಂದ್ಮೇಲೆ ಮರಿ ಉಳಿಯೋದೆಲ್ಲಿ ಬಂತು. ಮನುಷ್ಯರಿಗೆ ಬರಲ್ಲ. ಆದ್ರೆ ಬೆಕ್ಕು ಸತ್ತ ಜಾಗದಲ್ಲಿ, ಬುಟ್ಟೀಲಿ, ತಾಟಿನಲ್ಲಿ, ನಮ್ಮ ಚಪ್ಪಲಿಯಲ್ಲೂ ಆ ವೈರಸ್ ತಿಂಗಳುಗಟ್ಟಲೆ ಕೂತಿರುತ್ತೆ, ವರ್ಷದ ತನಕವೂ ಇರಬಹುದಂತೆ. ಎರಡನೇ ಮರೀನ ನಾನೇ ತಗೊಂಡು ಹೋಗಿ ರೋಗದ ಬಾಯಿಗೆ ಇಟ್ಟಿದ್ದೆ. ನೆಲ ಫಿನಾಯಿಲ್ ಹಾಕಿ ತೊಳೆದಿದ್ದೆವಲ್ಲ ಅಂದ್ರೆ, ಆ ವೈರಸ್ಸಿಗೆ ಫಿನಾಯಿಲ್ ನಾಟಲ್ಲ, ಮೇಲಾಗಿ ಫಿನಾಯಿಲ್ ಬೆಕ್ಕಿಗೇ ವಿಷ. ಬ್ಲೀಚಿಂಗ್ ನೀರು ಆಗಬೇಕಂತೆ. ಬುಟ್ಟಿ, ತಾಟು ಸುಟ್ಟು ಹಾಕಿದೆ.

ಅವತ್ತು ಸಂಜೆ ಪಕ್ಕದ ಮನೆಗೆ ಹೋಗಿ, ತಪ್ಪು ನಂದು ಕಣಪ್ಪ ಅಂದೆ. ಅವನು ಬಾಳೆಹಣ್ಣು ಕೊಟ್ಟು ಕೂರಿಸ್ದ. ಈಗಿನ ಈ ಮರಿ ಅವರ ಮನೆ ಬೆಕ್ಕು ಹಾಕಿದ್ದೇ.

ಸರಿ, ಒಂದು ಸೂಜಿ ಹಾಕ್ಸಿದ್ರೆ ಮುಗೀತಲ್ಲ, ಮೂರು ಮೂರು ಸಲ ಯಾಕೆ, ಡಾಕ್ಟ್ರ ದುಡ್ಡಿನ ಆಸೆ ಅಂತ ಒಬ್ಬರು ಅಂದ್ರು. ಇದಕ್ಕೆ ಉತ್ತರ ನಮ್ಮ ಕೊಟ್ಟಿಗೇಲೇ ಇದೆ. ಕರು ಹುಟ್ಟಿದ ತಕ್ಷಣ ಗಿಣ್ಣು ಹಾಲು ಕುಡಿಸ್ತೀವಿ ಯಾಕೆ? ತಾಯಿ ಮೈಯ ಶಕ್ತಿ ಕರುವಿಗೆ ಬರಲಿ ಅಂತ. ಬೆಕ್ಕಿನ ಮರಿಗೂ ಹಂಗೇ, ತಾಯಿಯ ಮೊದಲ ಹಾಲಿನಲ್ಲಿ ಒಂದಷ್ಟು ಕಾವಲು ಬರುತ್ತೆ. ಆದ್ರೆ ಆ ಕಾವಲು ಇರೋ ತನಕ ಹೊರಗಿಂದ ಹಾಕೋ ಲಸಿಕೇನ ಅದು ಒಳಗೆ ಬಿಡಲ್ಲ, ಶತ್ರು ಅಂತ ಹೊಡೆದು ಹಾಕುತ್ತೆ. ಕಾವಲು ಯಾವಾಗ ಇಳಿಯುತ್ತೆ ಅಂತ ಯಾರಿಗೂ ಗೊತ್ತಾಗಲ್ಲ. ಒಂದು ಮರಿಗೆ ಎಂಟು ವಾರಕ್ಕೆ, ಇನ್ನೊಂದಕ್ಕೆ ಹದಿನಾಲ್ಕು ವಾರಕ್ಕೆ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಮೊದಲನೇದು ಹಾಕಿ, ಮೂರು ನಾಲ್ಕು ವಾರಕ್ಕೊಂದು ಸಲದಂಗೆ ಹದಿನಾರು ವಾರ ತುಂಬೋ ತನಕ ಹಾಕೋದು. ಯಾವುದೋ ಒಂದು ನಾಟೇ ನಾಟುತ್ತೆ ಅನ್ನೋ ಲೆಕ್ಕ. ಇದೇ ಸೂಜೀಲಿ ಬೆಕ್ಕಿನ ನೆಗಡಿ ಜ್ವರದ ಎರಡು ವೈರಸ್ಸಿಗೂ ಔಷಧಿ ಸೇರಿರುತ್ತೆ, ಕಣ್ಣಲ್ಲಿ ಪಿಸುರು ಕಟ್ಟಿ ಮರಿಗಳು ಕುರುಡಾಗ್ತವಲ್ಲ, ಅದಕ್ಕೆ. ಸೂಜಿಗೆ ಮೊದಲು ಜಂತುಹುಳದ ಔಷಧಿ ಕುಡಿಸ್ಬೇಕು. ಹುಷಾರಿಲ್ಲದ ಮರಿಗೆ ಹಾಕಿಸ್ಬಾರದು.

ಸೂಜಿ ಹಾಕಿದ ಬೆಕ್ಕು ಸೋಮಾರಿ ಆಗುತ್ತೆ, ಇಲಿ ಹಿಡಿಯಲ್ಲ ಅಂತ ಒಂದು ಮಾತಿದೆ. ಹಸುಗೆ ಹಾಕಿಸಿದ್ರೆ ಹಾಲು ಬತ್ತಿ ಹೋಗುತ್ತೆ ಅಂತ ನಮ್ಮಪ್ಪನ ಕಾಲದಲ್ಲಿ ದನ ಬಚ್ಚಿಡ್ತಿದ್ದರು. ನಾಲ್ಕು ದಿನ ಒಂದು ಲೀಟರ್ ಕಮ್ಮಿ ಆಗಬಹುದು, ಆಮೇಲೆ ಸರಿ ಹೋಗುತ್ತೆ. ಬೆಕ್ಕೂ ಒಂದು ದಿನ ಮುದುರಿ ಮಲಗುತ್ತೆ. ಅಷ್ಟೇ.

ಇನ್ನು ದೊಡ್ಡ ವಿಷಯ. ಇದನ್ನ ಬರೆಯೋಕೇ ನಾನು ಕೂತಿದ್ದು.

ರೇಬೀಸಿಗೆ ಕನ್ನಡದಲ್ಲಿ ಹುಚ್ಚುನಾಯಿ ರೋಗ ಅಂತ ಹೆಸರಿಟ್ಟಿದ್ದೇ ತಪ್ಪಾಯ್ತು ಅನ್ಸುತ್ತೆ. ನಾಯಿ ಕಚ್ಚಿದ್ರೆ ಊರೇ ಆಸ್ಪತ್ರೆಗೆ ಓಡುತ್ತೆ. ಬೆಕ್ಕು ಪರಚಿದ್ರೆ ಅರಿಶಿನ ಹಚ್ಚಿ ಸುಮ್ಮನಾಗ್ತಾರೆ. ಮನುಷ್ಯರಿಗೆ ಬರೋ ರೇಬೀಸಲ್ಲಿ ಹೆಚ್ಚುಕಮ್ಮಿ ಎಲ್ಲ ನಾಯಿಯಿಂದಲೇ, ಒಪ್ತೀನಿ. ಆದ್ರೆ ಆ ನಾಯಿ ಮನುಷ್ಯನನ್ನ ಮಾತ್ರ ಕಚ್ಚುತ್ತಾ? ಹಸುಗೂ ಬರುತ್ತೆ. ಜೊಲ್ಲು ಸುರಿಸ್ತಾ ಅರಚೋ ಹಸುವಿನ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಿ, ಆಮೇಲೆ ಮನೆಮಂದಿಯೆಲ್ಲ ಸೂಜಿ ಹಾಕಿಸ್ಕೊಂಡೋರು ಎಷ್ಟು ಊರಲ್ಲಿಲ್ಲ. ಬೆಕ್ಕಿಗೂ ಬರುತ್ತೆ. ಬೆಕ್ಕಿನ ಮೂಲಕ ಬಂದ್ರೆ ಅದು ಬೀದಿಯಲ್ಲಿ ಬರಲ್ಲ. ರಾತ್ರಿ ನಮ್ಮ ಕಂಬಳಿ ಒಳಗೆ ಮಲಗೋ ಪ್ರಾಣಿ ಅದು.

ನಾಲ್ಕು ವರ್ಷದ ಹಿಂದೆ ನಮ್ಮನೇಲಿ ಕರಿಯ ಅಂತ ಗಂಡು ಬೆಕ್ಕಿತ್ತು. ಹಿಂಗಾಲಿಗೆ ನಾಯಿ ಕಚ್ಚಿಸ್ಕೊಂಡು ಬಂದಿತ್ತು ಒಂದಿನ. ಗಾಯ ಒಣಗ್ತು, ಮರೆತ್ವಿ. ತಿಂಗಳ ಮೇಲೆ ಊಟ ಬಿಟ್ಟು ಅಟ್ಟದ ಏಣಿ ಸಂದೀಲಿ ಕೂರೋಕೆ ಶುರು ಮಾಡ್ತು. ನಮ್ಮವ್ವ ಅನ್ನ ಹಾಕೋಕೆ ಬಗ್ಗಿದಾಗ ಹಾರಿ ಕೈ ಹಿಡೀತು. ಹತ್ತು ವರ್ಷ ಅವಳ ಮಡಿಲಲ್ಲೇ ಮಲಗಿದ್ದ ಬೆಕ್ಕು. ಅವ್ವ ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಬೆಕ್ಕನ್ನ ಹೊಡೀತಾರೆ ಅಂತ ಸುಣ್ಣ ಅರಿಶಿನ ಹಚ್ಚಿ ಬಟ್ಟೆ ಸುತ್ಕೊಂಡಿದ್ಲು. ಮೂರನೇ ದಿನ ಕರಿಯ ಹುಲ್ಲಿನ ಮೆದೆ ಹಿಂದೆ ಸತ್ತು ಬಿದ್ದಿತ್ತು. ಅವತ್ತು ಸಾಯಂಕಾಲ ಮೊಮ್ಮಗಳು ಹೇಳಿದ್ಲು, ಅಜ್ಜಿ ಕೈಗೆ ಬಟ್ಟೆ ಕಟ್ಕೊಂಡಿದಾಳೆ ಅಂತ.

ರಾತ್ರೋರಾತ್ರಿ ಹೊರಟ್ವಿ. ಡಾಕ್ಟ್ರು ಬೈದ್ರು. ಕಚ್ಚಿದ ಕೂಡ್ಲೇ ನಲ್ಲಿ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೀಬೇಕಿತ್ತು, ಸುಣ್ಣ ಹಚ್ಚಿ ಕೆಡಿಸಿದೀರಿ ಅಂದ್ರು. ಆವಾಗ್ಲೂ ತೊಳೆದ್ರು. ರಕ್ತ ಬಂದ ಗಾಯ ಆದ್ದರಿಂದ ಬರೀ ಲಸಿಕೆ ಸಾಲದು, ಗಾಯದ ಒಳಗೇ ಹಾಕೋ ಸೀರಮ್ ಬೇಕು ಅಂದ್ರು. ಅದು ಅಲ್ಲಿರಲಿಲ್ಲ, ಇನ್ನೊಂದು ದೊಡ್ಡಾಸ್ಪತ್ರೆಗೆ ಹೋದ್ವಿ. ಎಪ್ಪತ್ತೆಂಟರ ಮುದುಕಿ, ಬೆರಳಿನ ಗಾಯಕ್ಕೆ ಸೂಜಿ ಚುಚ್ಚಿದಾಗ ಹಲ್ಲು ಕಚ್ಚಿ ನನ್ನ ಮುಖವನ್ನೇ ನೋಡ್ತಿದ್ಲು. ಆಮೇಲೆ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಅಂತ ಹೆದರಿದ್ಲು. ಕುರಿ ಮಿದುಳಿನಿಂದ ಮಾಡ್ತಿದ್ದ ಆ ಹಳೇ ಲಸಿಕೆ ನಿಂತು ಇಪ್ಪತ್ತು ವರ್ಷ ಆಯ್ತು, ಈಗ ತೋಳಿಗೆ ಅಂತ ನರ್ಸಮ್ಮ ಸಮಾಧಾನ ಮಾಡಿದ್ರು.

ಕರಿಯಂಗೆ ರೇಬೀಸೇ ಇತ್ತಾ? ಗೊತ್ತಿಲ್ಲ. ಮಿದುಳು ಪರೀಕ್ಷೆ ಮಾಡಿದ್ರೆ ಗೊತ್ತಾಗ್ತಿತ್ತು, ನಾವು ಆವಾಗ್ಲೇ ತೋಟದಲ್ಲಿ ಹೂತಿದ್ವಿ. ಕಚ್ಚಿದ ಬೆಕ್ಕು ಹತ್ತು ದಿನ ಆರೋಗ್ಯವಾಗಿದ್ರೆ ನೆಮ್ಮದಿಯಾಗಿರಬಹುದು, ಇದು ಮೂರೇ ದಿನಕ್ಕೆ ಸತ್ತಿತ್ತು. ಈ ರೋಗ ಲಕ್ಷಣ ಕಾಣಿಸ್ಕೊಂಡ ಮೇಲೆ ಔಷಧಿ ಇಲ್ಲ, ಸಾವೇ. ಮುಂದಿನ ಆರು ತಿಂಗಳು ಅವ್ವ ನೀರು ಕುಡೀತಾ ಒಂದು ಸಲ ಕೆಮ್ಮಿದ್ರೂ ನನ್ನ ಕೈಕಾಲು ತಣ್ಣಗಾಗ್ತಿತ್ತು. ಅವಳ ಮುಂದೆ ತೋರಿಸ್ಕೊಳ್ಳೋ ಹಂಗಿರಲಿಲ್ಲ. ಅವಳು ಲೋಟ ಎತ್ತಿದಾಗೆಲ್ಲ ನಾನೂ ನಮ್ಮೋಳೂ ಒಬ್ಬರ ಮುಖ ಒಬ್ಬರು ನೋಡ್ಕೊಳ್ತಿದ್ವಿ. ಈ ಆರು ತಿಂಗಳಿಗೆ ಎಷ್ಟು ರೂಪಾಯಿ ಅಂತ ಹಾಕೋಣ? ಕರಿಯಂಗೆ ವರ್ಷಕ್ಕೊಂದು ಸೂಜಿ ಹಾಕಿಸಿದ್ರೆ ಇದ್ಯಾವುದೂ ಇರ್ತಿರಲಿಲ್ಲ. ಮೂರು ತಿಂಗಳು ತುಂಬಿದ ಮರಿಗೆ ಒಂದು, ಆಮೇಲೆ ವರ್ಷಕ್ಕೊಂದು. ಇಷ್ಟೇ.

ಇನ್ನು ಸರ್ಕಾರದೋರ ವಿಷಯ. ಈ ಮರಿಗೆ ರೇಬೀಸ್ ಲಸಿಕೆ ಹಾಕ್ತೀರಾ ಅಂತ ಮೊದಲು ಒಂದು ಪಶು ಆಸ್ಪತ್ರೆಗೇ ಹೋಗಿ ಕೇಳಿದ್ದೆ. ಯಾವುದು ಅಂತ ಬೇಡ. "ಬೆಕ್ಕಿಗಾ?" ಅಂದ್ರು. ಸೆಪ್ಟೆಂಬರ್ 28ಕ್ಕೆ ಬನ್ನಿ, ಅವತ್ತು ರೇಬೀಸ್ ದಿನ, ನಾಯಿಗೆ ಹಾಕ್ತೀವಿ, ಉಳಿದ್ರೆ ಬೆಕ್ಕಿಗೂ ನೋಡೋಣ ಅಂದ್ರು. ಸೆಪ್ಟೆಂಬರ್ 28 ಅಂದ್ರೆ ಲೂಯಿ ಪಾಶ್ಚರ್ ಎನ್ನೋ ವಿಜ್ಞಾನಿ 1895ರಲ್ಲಿ ತೀರ್ಕೊಂಡ ದಿನ. ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನಿಗೆ 1885ರಲ್ಲಿ ಮೊದಲ ಸಲ ಲಸಿಕೆ ಹಾಕಿ ಬದುಕಿಸಿದ ಪುಣ್ಯಾತ್ಮ. ಆ ಹುಡುಗನನ್ನ ಕರ್ಕೊಂಡು ಬಂದಾಗ ಪಾಶ್ಚರ್, ನನ್ನ ತಿಥಿ ದಿನ ಬನ್ನಿ ಅನ್ನಲಿಲ್ಲ. 2030ರೊಳಗೆ ನಾಯಿಯಿಂದ ಬರೋ ರೇಬೀಸಿನ ಸಾವು ನಿಲ್ಲಿಸ್ತೀವಿ ಅಂತ ದೇಶದ ಸರ್ಕಾರ 2021ರಲ್ಲಿ ಯೋಜನೆ ಮಾಡಿದೆ. ಒಳ್ಳೇದೇ. ಆದ್ರೆ ಹಳ್ಳಿ ಮನೆ ಬೆಕ್ಕು ಆ ಕಾಗದದಲ್ಲಿ ಎಲ್ಲಿದೆ? ಕಾಲುಬಾಯಿ ಜ್ವರಕ್ಕೆ ಮನೆ ಬಾಗಿಲಿಗೆ ಬರೋ ಇಲಾಖೆ, ಅದೇ ಡಬ್ಬದಲ್ಲಿ ಅದೇ ಐಸಿನ ಮಧ್ಯೆ ನಾಲ್ಕು ರೇಬೀಸ್ ಬಾಟ್ಲಿ ಇಟ್ಕೊಂಡು ಬಂದ್ರೆ ಏನು ಗಂಟು ಹೋಗುತ್ತೆ? ಹಾಲು ಕೊಡೋ ಪ್ರಾಣಿಗೆ ಮಾತ್ರ ಇಲಾಖೆ ಅಂತಾದ್ರೆ ಬೋರ್ಡಿನಲ್ಲಿ ಹಂಗೇ ಬರೀಲಿ.

ಆದ್ರೆ ಅಲ್ಲಿಂದ ಹೊರಗೆ ಬರ್ತಿದ್ದಾಗ ಕಾಂಪೌಂಡರು ಹಿಂದೆ ಬಂದು ಒಂದು ಮಾತು ಹೇಳಿದ್ರು, ಅದನ್ನೂ ಹೇಳ್ದೆ ಇದ್ರೆ ಅನ್ಯಾಯ ಆಗುತ್ತೆ. ಅಲ್ಲಿಗೆ ಬರೋ ಬಾಟ್ಲಿ 10 ಡೋಸಿಂದು. ಒಂದು ಬೆಕ್ಕಿಗೆ ಅಂತ ಒಡೆದ್ರೆ ಉಳಿದ ಒಂಬತ್ತು ಮೋರಿಗೆ ಹೋಗುತ್ತೆ, ಲೆಕ್ಕ ಯಾರು ಕೊಡೋದು? "ಹತ್ತು ಪ್ರಾಣಿ ಒಂದೇ ದಿನ ಸೇರಿಸಿ ಅಣ್ಣ, ನಾಯಿನೋ ಬೆಕ್ಕೋ ಯಾವುದಾದ್ರೂ ಆಗ್ಲಿ, ಸಾಹೇಬ್ರಿಗೆ ನಾನೇ ಹೇಳ್ತೀನಿ" ಅಂದ್ರು. ಅಂದ್ರೆ ಅರ್ಧ ತಪ್ಪು ಇಲಾಖೇದು, ಅರ್ಧ ತಪ್ಪು ಬೆಕ್ಕಿಗೂ ಸೂಜಿನಾ ಅಂತ ನಗ್ತಾ ನಿಂತ ನಮ್ಮದು.

ಅಷ್ಟರಲ್ಲಿ ಮರಿಗೆ ಹನ್ನೆರಡು ವಾರ ಆಗ್ತಿತ್ತು. ಕಾಯೋ ಹಂಗಿರಲಿಲ್ಲ, ಪೇಟೆಗೇ ಹೋದ್ವಿ, ಅದೇ ಹುಡುಗ ಡಾಕ್ಟ್ರ ಹತ್ರ. ನಮ್ಮೋಳಿಗೆ ಶಕ್ತಿ ಯೋಜನೆ ಟಿಕೆಟ್ಟು, ನನಗೆ ಪೂರ್ತಿ, ಕಂಡಕ್ಟ್ರು ಬುಟ್ಟಿ ಬಿಚ್ಚಿಸಿ ನೋಡಿ ಮರಿಗೂ ಅರ್ಧ ಟಿಕೆಟ್ ಹರಿದ್ರು. ಹೆಣ್ಣು ಮರಿ ಸ್ವಾಮಿ ಅಂದೆ, ಬಸ್ಸೆಲ್ಲ ನಗ್ತು. ಎಂಟನೇ ವಾರದ್ದು ಆಗಿತ್ತು, ಅವತ್ತು ಎರಡನೇದು, ಜೊತೆಗೆ ರೇಬೀಸಿಂದು. ಮೂರನೇದು ಬಾಕಿ. ಜಂತುಹುಳದ ಔಷಧಿ, ಬಸ್ಸು ಎಲ್ಲ ಸೇರಿ ಮೂರೂ ಸಲಕ್ಕೆ ನನಗೆ ₹3,000ದ ಒಳಗೇ ಆಗುತ್ತೆ. ಅಷ್ಟೂ ಆಗಲ್ಲ ಅನ್ನೋರಿದಾರೆ, ಗೊತ್ತು. ನಾಲ್ಕು ಕುಂಟೆಯೋರಿಗೆ, ಕೂಲಿಯೋರಿಗೆ ಇದು ಸಣ್ಣ ದುಡ್ಡಲ್ಲ. ಅವರಿಗೆ ಹೇಳೋದು, ರೇಬೀಸ್ ಒಂದನ್ನ ಹಾಕಿಸಿ, ಉಳಿದಿದ್ದು ಆಮೇಲೆ. ಉಳಿದ ರೋಗ ಬೆಕ್ಕನ್ನ ಕೊಲ್ಲುತ್ತೆ, ಇದು ಮನೆಯೋರನ್ನ.

ಮರಿ ಇನ್ನೂ ಪಕ್ಕದ ಮನೇಲೇ ತಾಯಿ ಜೊತೆ ಇದೆ. ನಮ್ಮನೇಲಿ ಎರಡು ಸತ್ತಿವೆಯಲ್ಲ, ಎರಡನೇ ಸೂಜಿ ಮೈಗೆ ಹಿಡಿಯೋಕೆ ಹದಿನೈದು ದಿನ ಕೊಟ್ಟು ತನ್ನಿ ಅಂದಿದಾರೆ ಡಾಕ್ಟ್ರು. ನಮ್ಮೋಳು ಅಟ್ಟ, ಹಜಾರ ಎಲ್ಲ ಬ್ಲೀಚಿಂಗ್ ನೀರಲ್ಲಿ ಎರಡು ಸಲ ಒರೆಸಿದಾಳೆ. ಹೊಸ ಬುಟ್ಟಿ ಸಂತೇಲಿ ತಂದಿದೀನಿ. ಅವ್ವ ದಿನಾ ಕೇಳ್ತಾಳೆ, "ಮರಿ ಯಾವಾಗ ತರ್ತೀಯೋ?" ಅಂತ. ಕಚ್ಚಿಸ್ಕೊಂಡೋಳು ಅವಳೇ.

ಕಾಂಪೌಂಡರ ಮಾತು ಹಿಡ್ಕೊಂಡು ಮೂರು ದಿನದಿಂದ ಮನೆ ಮನೆ ತಿರುಗ್ತಿದೀನಿ. ಪಕ್ಕದ ಮನೆಯ ತಾಯಿ ಬೆಕ್ಕು ಒಂದು, ಮೇಲಿನ ಬೀದಿ ಎರಡು ನಾಯಿ, ಅರ್ಚಕರ ಮನೆ ಬೆಕ್ಕು, ತೋಟದ ಮನೆ ಅಕ್ಕನ ನಾಯಿ, ಅಂಗಡಿಯ ಎರಡು ಬೆಕ್ಕು. ಡೈರಿಯಲ್ಲಿ ಜೋರಾಗಿ ನಕ್ಕವನೂ ನಿನ್ನೆ ರಾತ್ರಿ ಫೋನ್ ಮಾಡಿ, ನಮ್ಮ ನಾಯಿ ಸೇರಿಸ್ಕೋ ಅಣ್ಣ ಅಂದ. ಎಂಟಾಯ್ತು. ಇನ್ನೆರಡು ಬೇಕು. ಮೂರು ತಿಂಗಳು ತುಂಬಿರಬೇಕು, ಚೆನ್ನಾಗಿ ತಿಂತಾ ಇರಬೇಕು. ಬರೋ ಬುಧವಾರ ಬೆಳಿಗ್ಗೆ ಹಾಲು ಹಾಕಿದ ಮೇಲೆ ಡೈರಿ ಹತ್ರ ಆಟೋ ನಿಂತಿರುತ್ತೆ, ಬಾಡಿಗೆ ಹಂಚ್ಕೊಳ್ಳೋಣ. ಬೆಕ್ಕನ್ನ ಗೊಬ್ಬರದ ಚೀಲದಲ್ಲಿ ಕಟ್ಕೊಂಡು ಬರಬೇಡಿ, ಉಸಿರು ಕಟ್ಟುತ್ತೆ. ಬುಟ್ಟೀಲಿ ಹಾಕಿ ಮೇಲೆ ಹಳೇ ಪಂಚೆ ಬಿಗಿದು ತನ್ನಿ. ನಾಯಿಗೆ ಸರಪಳಿ ಮರೀಬೇಡಿ.